ಅದೇ ಅಧ್ಯಾಯ, ಪ್ರತಿ ಬುಧವಾರ

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ತಮ್ಮ ಕಷ್ಟ ಬರೆದಿದ್ದರು. ಸಭೆಯ 82 ವರ್ಷದ ಅಜ್ಜಿಯೊಬ್ಬರ ಜೊತೆ ಮೂರು ವರ್ಷದಿಂದ ಬುಧವಾರ ಸಂಜೆ ಸತ್ಯವೇದ (ಬೈಬಲ್) ಓದುತ್ತಿದ್ದಾರೆ. ಈಚೆಗೆ ಅಜ್ಜಿ ವಾರ ವಾರವೂ ರೂತಳ ಪುಸ್ತಕದ 1ನೇ ಅಧ್ಯಾಯವನ್ನೇ ತೆರೆಯುತ್ತಾರೆ. 20ನೇ ವಚನಕ್ಕೆ ಬಂದು ನಿಲ್ಲುತ್ತಾರೆ. ‘ಹೋದ ವಾರ ಓದಿದೆವಲ್ಲ’ ಎಂದರೆ ‘ಹೌದಾ?’ ಎನ್ನುತ್ತಾರೆ. ‘ನನಗೆ ಸಾಕಾಗಿದೆ. ನೋಯಿಸದೆ ನಿಲ್ಲಿಸುವುದು ಹೇಗೆ?’ ಇದು ಅವರ ಪ್ರಶ್ನೆ. ಪತ್ರಗಳು ಬಹಳ ಬಂದವು. ಹೇಗೆ ನಿಲ್ಲಿಸುವುದೆಂದು ಹೇಳಿದವರು ಕಡಿಮೆ.

*

ನಿಮ್ಮ ಪತ್ರ ಓದಿದ ರಾತ್ರಿ ನಿದ್ದೆ ಬರಲಿಲ್ಲ. ನಾನು ಇದನ್ನೇ ಮಾಡಿದವಳು. ಸಭೆಯ ಹಿರಿಯ ಅಮ್ಮನೊಬ್ಬರ ಜೊತೆ ನಾನೂ ಓದುತ್ತಿದ್ದೆ. ನಾವು ಓದುತ್ತಿದ್ದದ್ದು ಸತ್ಯವೇದದಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆ. 16 ಅಧ್ಯಾಯ. 8ನೆಯದಕ್ಕೆ ಬರುವಷ್ಟರಲ್ಲಿ ಅಮ್ಮನಿಗೆ ಹಿಂದಿನದು ಮರೆಯತೊಡಗಿತ್ತು. ಒಂದು ಸಾಲು ಓದುವುದು, ಕನ್ನಡಕ ಒರೆಸುವುದು, ಮತ್ತೆ ಅದೇ ಸಾಲು. ನನಗೋ ಗಡಿಯಾರದ ಮೇಲೇ ಕಣ್ಣು. ಒಂದು ದಿನ ‘ಆಫೀಸಲ್ಲಿ ಕೆಲಸ ಜಾಸ್ತಿ ಅಮ್ಮಾ, ಸ್ವಲ್ಪ ದಿನ ಬರೋಕಾಗಲ್ಲ’ ಅಂದೆ. ಸುಳ್ಳು. ಅವರು ನಂಬಿದರು. ಮುಂದಿನ ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತು, ಎಲ್ಲರ ಮುಂದೆ, ಈ ಮಗಳ ಕೆಲಸದ ಹೊರೆ ಇಳಿಸಪ್ಪಾ ಎಂದು ಬೇಡಿದರು. ಅದರ ಮುಂದಿನ ವಾರವೂ. ಏನೇನೋ ಮರೆತರು, ನನ್ನ ಸುಳ್ಳನ್ನು ಮಾತ್ರ ಮರೆಯಲಿಲ್ಲ. ಏಳು ತಿಂಗಳು ಕಣ್ಣು ಮುಚ್ಚಿ ‘ಆಮೆನ್’ ಅನ್ನುತ್ತಾ ಕೂತೆ. ಆಮೇಲೆ ಅವರು ಸಭೆಗೆ ಬರುವುದೇ ನಿಂತಿತು. ಈಗ ನಾನೇ ಹೋಗುತ್ತೇನೆ. ಗುರುತು ಹಿಡಿಯುವುದಿಲ್ಲ. ಓದಿದರೆ ಕೇಳುತ್ತಾರೆ. 9ನೇ ಅಧ್ಯಾಯದಿಂದ ಶುರು ಮಾಡಿದ್ದೇನೆ. ನೀವು ನಿಲ್ಲಿಸುವುದಾದರೆ ನಿಲ್ಲಿಸಿ, ಬೇಡ ಅನ್ನಲು ನಾನು ಯಾರು? ನೆಪ ಮಾತ್ರ ಹೇಳಬೇಡಿ.

*

ಇದಾದ ಮೇಲೆ ಈ ಕಾರ್ಡು ಸ್ವಲ್ಪ ಒರಟು ಅನ್ನಿಸಬಹುದು. ಬಂದದ್ದನ್ನು ಬಂದ ಹಾಗೇ ಕೊಟ್ಟಿದ್ದೇವೆ.

ಮೂರು ವರ್ಷ ಅವರ ಜೊತೆ ಕೂತು ಕಲಿತಿರಿ. ಈಗ ಬೋರು. ಕೀರ್ತನೆ 71, 9ನೇ ವಚನ ಓದಿ, ಮುಪ್ಪಿನಲ್ಲಿ ನನ್ನನ್ನು ತಳ್ಳಿಬಿಡಬೇಡ ಅಂತಿದೆ. ಅದನ್ನೂ ಅವರ ಜೊತೆ ಕೂತೇ ಓದಿ.

*

ನಿವೃತ್ತ ಶಿಕ್ಷಕರೊಬ್ಬರು ಇದನ್ನು ಪಾಠದ ವಿಷಯ ಅಂದುಕೊಂಡಿದ್ದಾರೆ. ಇರಲಿ, ಕೆಲಸಕ್ಕೆ ಬರಬಹುದು.

ಪುಸ್ತಕ ಬದಲಿಸಿ. ಕೀರ್ತನೆ 119 ಹಿಡಿಯಿರಿ. 176 ವಚನ, ಎಂಟೆಂಟರ 22 ಭಾಗ. ವಾರಕ್ಕೊಂದರಂತೆ ಐದು ತಿಂಗಳು ನಡೆಯುತ್ತದೆ. ಎಲ್ಲಾ ಭಾಗವೂ ಸುತ್ತುವುದು ಧರ್ಮಶಾಸ್ತ್ರದ, ಅಂದರೆ ದೇವರ ಆಜ್ಞೆಗಳ ಸುತ್ತಲೇ, ಹಾಗಾಗಿ ಹಿಂದಿನದು ಮರೆತರೂ ನಷ್ಟವಿಲ್ಲ. ದೊಡ್ಡಕ್ಷರದ ಪ್ರತಿ ತನ್ನಿ. ನೀವು ಓದಬೇಡಿ, ಅವರ ಕೈಲಿ ಓದಿಸಿ.

*

ನರ್ಸ್ ಒಬ್ಬರ ಮಾತು:

ಮರೆವನ್ನು ವಯಸ್ಸಿನ ತಲೆಗೆ ಕಟ್ಟಿ ಸುಮ್ನೆ ಬಿಡಬೇಡಿ. ಬಿ12 ಕೊರತೆ, ಥೈರಾಯ್ಡ್, ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ. ಮನೆಯವರಿಗೆ ತಿಳಿಸಿ, ಡಾಕ್ಟರಿಗೆ ತೋರಿಸಲಿ.

*

ಕೊನೆಯದು 79 ವರ್ಷದವರೊಬ್ಬರದು. ಈ ಕೈಬರಹ ಬಿಡಿಸಲು ನಾವು ಮೂವರು ಬೇಕಾಯಿತು. ಅಷ್ಟು ಹೊತ್ತು ಕೂತದ್ದು ದಂಡವಾಗಲಿಲ್ಲ.

ನಮ್ಮ ವಿಷಯ ಎಲ್ಲರನ್ನೂ ಕೇಳುತ್ತೀರಿ, ನಮ್ಮನ್ನು ಬಿಟ್ಟು. ಆ 20ನೇ ವಚನದಲ್ಲಿ ಏನಿದೆ, ನೋಡಿದಿರಾ? ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡ ನೊವೊಮಿ ಊರಿಗೆ ಬಂದಿದ್ದಾಳೆ. ನನ್ನನ್ನು ನೊವೊಮಿ ಅನ್ನಬೇಡಿ, ಮಾರಾ ಅನ್ನಿ ಎನ್ನುತ್ತಾಳೆ. ಮಾರಾ ಅಂದರೆ ಕಹಿ. ನಿಮ್ಮ ಅಜ್ಜಿ ಅಲ್ಲೇ ನಿಲ್ಲುತ್ತಾರೆ ಅಂದರೆ ಅದು ಬರೀ ಮರೆವು ಅಲ್ಲದೆಯೂ ಇರಬಹುದು ಅಲ್ವಾ? ಒಂದು ಸಲ ಪುಸ್ತಕ ಮುಚ್ಚಿ ‘ಯಾಕಜ್ಜಿ, ಇಲ್ಲೇ ನಿಲ್ತೀರಲ್ಲ?’ ಅಂತ ಕೇಳಿ ನೋಡಿ. ಮತ್ತೆ, ಬೇಜಾರು ನಿಮಗೊಬ್ಬರಿಗೇ ಅಂದುಕೊಳ್ಳಬೇಡಿ. ನನ್ನ ಜೊತೆ ಓದಲು ಬರುವ ಹುಡುಗ ಒಂದೂವರೆ ಗಂಟೆ ವಿವರಿಸುತ್ತಾನೆ. ಒಳ್ಳೆಯವನು. ನನಗೆ ಸೊಂಟ ಹಿಡಿದುಕೊಳ್ಳುತ್ತದೆ, ಬಾಯಿಬಿಟ್ಟು ಹೇಳಲಾರೆ. ಅರ್ಧ ಗಂಟೆ ಸಾಕು. ಸಂಜೆ ಬೇಡ, ಬೆಳಿಗ್ಗೆ ಹೋಗಿ. ಸಂಜೆಯಾದರೆ ನನಗಂತೂ ತಲೆ ಓಡುವುದಿಲ್ಲ.