ಟ್ರಾನ್ಸ್‌ಲೊಕೇಶನ್‌ಗೆ ‘ಸ್ಥಳಾಂತರ’ ಸರಿಯೇ?

ಗೆಳೆಯರೇ,

ಒಂದು ಪದದ ಬಗ್ಗೆ ನಿಮ್ಮ ನೆರವು ಬೇಕು. ನಮ್ಮ ಚಿಕ್ಕಮ್ಮನಿಗೆ ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್ ಇದೆಯೆಂದು ಈಚೆಗೆ ಗೊತ್ತಾಯಿತು. ರಿಪೋರ್ಟಿನಲ್ಲಿ 9 ಮತ್ತು 22ನೇ ಕ್ರೋಮೋಸೋಮ್‌ಗಳ (ಜೀನ್‌ಗಳನ್ನು ಹೊತ್ತ ಎಳೆಗಳು, ಅಂದರೆ ವರ್ಣತಂತುಗಳು) ‘ಟ್ರಾನ್ಸ್‌ಲೊಕೇಶನ್’ ಎಂದಿತ್ತು. ಏನದು ಎಂದು ಕೇಳಿದರು. ‘ಸ್ಥಳಾಂತರ’ ಎಂದುಬಿಟ್ಟೆ. ಅವರ ಮುಖ ಬಾಡಿತು. “ಹಾಗಾದ್ರೆ ಬೇರೆ ಕಡೆಗೂ ಹರಡಿದೆಯಾ?”

ಹರಡುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇದೆಲ್ಲ ಒಂದು ಜೀವಕೋಶದ ಒಳಗೆ ನಡೆಯುವ ಸಂಗತಿ. 9ನೇ ವರ್ಣತಂತುವಿನ ತುಂಡು 22ಕ್ಕೆ ಅಂಟುತ್ತದೆ, 22ರ ತುಂಡು 9ಕ್ಕೆ ಹೋಗುತ್ತದೆ. ಅಂಟಿದ ಕಡೆ ಬಿಸಿಆರ್, ಎಬಿಎಲ್ ಎಂಬ ಎರಡು ಜೀನ್‌ಗಳು ಬೆಸೆದುಕೊಳ್ಳುತ್ತವೆ. ಅದರಿಂದ ಹುಟ್ಟುವ ಪ್ರೋಟೀನು ಜೀವಕೋಶವನ್ನು ಬಿಡುವಿಲ್ಲದೆ ಹೆಚ್ಚಿಸುತ್ತಲೇ ಇರುತ್ತದೆ. ಇಮ್ಯಾಟಿನಿಬ್ ಮಾತ್ರೆ ತಡೆಯುವುದು ಇದೇ ಪ್ರೋಟೀನನ್ನು. ಅಂದರೆ ರಿಪೋರ್ಟಿನ ಆ ಸಾಲೇ ಚಿಕಿತ್ಸೆಗೆ ದಾರಿ ತೋರಿಸುವುದು. ನನ್ನ ಪದದಿಂದ ಅವರು ಹೆದರಿದರು.

ವಿಜ್ಞಾನಿಗಳಿಗೂ ಈ ಸಂಗತಿ ಒಮ್ಮೆಗೇ ತಿಳಿಯಲಿಲ್ಲ. 1960ರಲ್ಲಿ ಫಿಲಡೆಲ್ಫಿಯಾದಲ್ಲಿ ನೋವೆಲ್ ಮತ್ತು ಹಂಗರ್‌ಫರ್ಡ್ ಕಂಡಿದ್ದು ಮೊಟಕಾದ ಒಂದು ವರ್ಣತಂತುವನ್ನು ಮಾತ್ರ. ಅದರಿಂದ ಮುರಿದ ತುಂಡು ಕಳೆದುಹೋಗಿಲ್ಲ, 9ರ ಮೇಲೆ ಕೂತಿದೆ ಎಂದು ತೋರಿಸಿದವರು ಶಿಕಾಗೋದ ಜಾನೆಟ್ ರೌಲಿ, 1973ರಲ್ಲಿ.

ಈಗ ಪದಕ್ಕೆ ಬರೋಣ. ಆನೆಯ ಸ್ಥಳಾಂತರ, ಕಚೇರಿಯ ಸ್ಥಳಾಂತರ ಎನ್ನುತ್ತೇವೆ. ಅಲ್ಲಿ ಇಡೀ ವಸ್ತುವೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ. ಇಲ್ಲಿ ನಡೆದಿರುವುದು ಕೊಟ್ಟು ತಗೊಳ್ಳುವುದು, ಅಲ್ವಾ? ‘ಸ್ಥಾನಪಲ್ಲಟ’ ಅರ್ಥಕ್ಕೆ ಹತ್ತಿರ, ಆದರೆ ಚಿಕ್ಕಮ್ಮನ ಬಾಯಲ್ಲಿ ಬರುವ ಪದವಲ್ಲ. ‘ಅದಲುಬದಲು’ ನನಗೆ ಜಾಸ್ತಿ ಹಿಡಿಸಿತು. ಆದರೆ ಆಸ್ಪತ್ರೆಯಲ್ಲಿ ಬರೀ ‘ಅದಲುಬದಲಾಗಿದೆ’ ಎಂದರೆ ರಕ್ತದ ಸ್ಯಾಂಪಲ್ಲೇ ಬದಲಾಗಿದೆ ಎಂದುಕೊಂಡಾರು! ಅದಕ್ಕೇ ‘ತುಂಡು ಅದಲುಬದಲು’ ಎನ್ನೋಣವೇ? 15 ಮತ್ತು 17ನೇ ವರ್ಣತಂತುಗಳ ನಡುವೆ ಇಂಥದ್ದೇ ಆಗುವ ಎಪಿಎಲ್ ಎಂಬ ಇನ್ನೊಂದು ರಕ್ತದ ಕ್ಯಾನ್ಸರಿಗೂ ಈ ಪದ ಒಪ್ಪುತ್ತದೆ. ತುಂಡು ಒಂದೇ ಕಡೆಗೆ ಹೋದಾಗ ಮಾತ್ರ ಒಪ್ಪುವುದಿಲ್ಲ. ಅಲ್ಲಿಗೆ ‘ತುಂಡು ಜಿಗಿತ’ ಎನ್ನಬಹುದೇನೋ.

ಇನ್ನೊಂದು ತೊಡಕಿದೆ. ‘ವರ್ಣತಂತು’ ಎಂದ ಕೂಡಲೇ ಚಿಕ್ಕಮ್ಮ “ಮಕ್ಕಳಿಗೂ ಬರತ್ತಾ?” ಎಂದು ಕೇಳಿದರು. ಬರುವುದಿಲ್ಲ. ಈ ಬದಲಾವಣೆ ಹುಟ್ಟಿನಿಂದ ಬಂದದ್ದಲ್ಲ, ಆಮೇಲೆ ಮೂಳೆಮಜ್ಜೆಯ ಜೀವಕೋಶದಲ್ಲಿ ಆದದ್ದು. ‘ನಡುವೆ ಬಂದದ್ದು’ ಎಂಬ ಈ ಅರ್ಥಕ್ಕೆ ನಿಮ್ಮ ಕಡೆ ಒಂದು ಚಿಕ್ಕ ಪದ ಇದೆಯೇ?