ಚಾಗೋಸ್ ದ್ವೀಪಗಳು ಯಾರಿಗೆ ಸೇರಬೇಕು?

ಹವಳದಂಡೆ: 2025ರ ಮೇ 22ರಂದು ಬ್ರಿಟನ್ ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳನ್ನು ಮಾರಿಷಸ್‌ಗೆ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿತು. ಒಪ್ಪಂದದ ಪ್ರಕಾರ ಅಮೆರಿಕದ ಸೇನಾ ನೆಲೆಯಿರುವ ಡಿಯೆಗೊ ಗಾರ್ಸಿಯಾ ದ್ವೀಪ ಮಾತ್ರ 99 ವರ್ಷ ಬ್ರಿಟನ್ ಬಳಿ ಗುತ್ತಿಗೆಯಲ್ಲಿ ಉಳಿಯುತ್ತದೆ. ಅದಕ್ಕೆ ಬ್ರಿಟನ್ ಮಾರಿಷಸ್‌ಗೆ ಕೊಡಬೇಕಾದ ಬಾಡಿಗೆ ವರ್ಷಕ್ಕೆ ಸರಾಸರಿ 10.1 ಕೋಟಿ ಪೌಂಡ್. ಆರು ದಶಕದ ಅನ್ಯಾಯ ಈಗಲಾದರೂ ಸರಿಹೋಗುತ್ತಿದೆ ಅನ್ನುವುದು ನನ್ನ ಅಭಿಪ್ರಾಯ. ನೀವೇನಂತೀರಿ?

ನೌಕಾಸಕ್ತ: ನಾನು ಒಪ್ಪಲ್ಲ ಸರ್. ಮಾರಿಷಸ್‌ಗೂ ಚಾಗೋಸ್‌ಗೂ ಸುಮಾರು 2,000 ಕಿ.ಮೀ. ಅಂತರ. ಆಡಳಿತದ ಅನುಕೂಲಕ್ಕೆ ಬ್ರಿಟಿಷರು ಎರಡನ್ನೂ ಒಟ್ಟಿಗೆ ಇಟ್ಟಿದ್ದರು, ಅಷ್ಟೇ. 1965ರಲ್ಲಿ ಬ್ರಿಟನ್ ಚಾಗೋಸನ್ನು ಮಾರಿಷಸ್‌ನಿಂದ ಬೇರ್ಪಡಿಸಿದಾಗ 30 ಲಕ್ಷ ಪೌಂಡ್ ಪರಿಹಾರಕ್ಕೆ ಮಾರಿಷಸ್ ನಾಯಕರೇ ಒಪ್ಪಿದ್ದರಲ್ಲ? ಕೊಟ್ಟು ಮುಗಿದದ್ದನ್ನು ಮತ್ತೆ ಕೇಳುವುದು ಹೇಗೆ?

ಹವಳದಂಡೆ: ಆ ಒಪ್ಪಿಗೆ ಹೇಗೆ ಸಿಕ್ಕಿತು ನೋಡಿ. ಸ್ವಾತಂತ್ರ್ಯದ ಮಾತುಕತೆಗೆ ಲಂಡನ್ನಿಗೆ ಹೋಗಿದ್ದ ಮಾರಿಷಸ್ ನಾಯಕ ರಾಮಗುಲಾಂ ಅವರನ್ನು ಬ್ರಿಟಿಷ್ ಪ್ರಧಾನಿ ವಿಲ್ಸನ್ ಪ್ರತ್ಯೇಕವಾಗಿ ಕರೆಸಿಕೊಂಡರು. ಸ್ವಾತಂತ್ರ್ಯದ ಆಸೆಯನ್ನೂ ಅದು ಕೈತಪ್ಪುವ ಭಯವನ್ನೂ ಒಟ್ಟಿಗೆ ಹುಟ್ಟಿಸಬೇಕು ಅಂತ ವಿಲ್ಸನ್‌ಗೆ ಮೊದಲೇ ಟಿಪ್ಪಣಿ ಹೋಗಿತ್ತು. ಮಾರಿಷಸ್ ಸ್ವತಂತ್ರವಾದದ್ದು 1968ರಲ್ಲಿ. ಒಪ್ಪಿಗೆ ಕೊಟ್ಟಾಗ ಅದಿನ್ನೂ ವಸಾಹತು. ಅದನ್ನು ಮುಕ್ತ ಒಪ್ಪಿಗೆ ಅನ್ನಲಾಗದು ಎಂದೇ 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಅಭಿಪ್ರಾಯ ಕೊಟ್ಟಿತು. ಅದೇ ವರ್ಷ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಬ್ರಿಟನ್ ಜಾಗ ಖಾಲಿ ಮಾಡಬೇಕೆಂದು 116 ದೇಶಗಳು ಮತ ಹಾಕಿದವು, ವಿರುದ್ಧ ಬಿದ್ದದ್ದು 6. ಭಾರತ ಮಾರಿಷಸ್ ಪರ ನಿಂತಿತ್ತು.

ನೌಕಾಸಕ್ತ: ನ್ಯಾಯಾಲಯ ಕೊಟ್ಟದ್ದು ಸಲಹೆ, ತೀರ್ಪಲ್ಲ. ನೆಲೆ ಉಳಿಯಿತಲ್ಲ, ಆ ಮಟ್ಟಿಗೆ ಸಮಾಧಾನ. ಹಿಂದೂ ಮಹಾಸಾಗರದ ನಡುವೆ ಅಂಥ ಇನ್ನೊಂದು ಜಾಗ ಅವರಿಗೆ ಎಲ್ಲಿದೆ?

ತೆಂಗಿನತೋಟ: ನೀವಿಬ್ಬರೂ ಲಂಡನ್, ಮಾರಿಷಸ್ ರಾಜಧಾನಿ ಪೋರ್ಟ್ ಲೂಯಿಸ್, ವಾಷಿಂಗ್ಟನ್ ಬಗ್ಗೆಯೇ ಮಾತಾಡ್ತಿದ್ದೀರಿ. ಅಲ್ಲಿ ಬದುಕಿದ್ದವರ ಹೆಸರೇ ಬಂದಿಲ್ಲ. 18ನೇ ಶತಮಾನದ ಕೊನೆಯಲ್ಲಿ ಫ್ರೆಂಚರು ಮೊಜಾಂಬಿಕ್, ಮಡಗಾಸ್ಕರ್ ಕಡೆಯಿಂದ ಗುಲಾಮರನ್ನು ತೆಂಗಿನ ತೋಟಗಳಿಗೆ ತಂದರು. ಆಮೇಲೆ ದಕ್ಷಿಣ ಭಾರತದ ಕೂಲಿಯವರೂ ಸೇರಿಕೊಂಡರು. ತಲೆಮಾರುಗಟ್ಟಲೆ ಅಲ್ಲೇ ಹುಟ್ಟಿ ಬೆಳೆದವರನ್ನು ಬ್ರಿಟಿಷ್ ಅಧಿಕಾರಿಗಳು ಬಂದುಹೋಗುವ ಗುತ್ತಿಗೆ ಕೂಲಿಗಳು ಅಂತ ಬರೆದುಕೊಂಡರು. ಖಾಯಂ ನಿವಾಸಿಗಳಿದ್ದಾರೆ ಅಂತ ಒಪ್ಪಿದರೆ ವಿಶ್ವಸಂಸ್ಥೆಗೆ ಲೆಕ್ಕ ಕೊಡಬೇಕಾಗುತ್ತಿತ್ತು. ಸೇನಾ ನೆಲೆಗಾಗಿ ದ್ವೀಪಗಳನ್ನು ಖಾಲಿ ಮಾಡಿಸಲು, ಚಿಕಿತ್ಸೆಗೆಂದು ಮಾರಿಷಸ್‌ಗೆ ಹೋದವರಿಗೆ ವಾಪಸ್ ಹಡಗು ಹತ್ತಲು ಬಿಡಲಿಲ್ಲ. ಉಳಿದವರ ಸಾಕುನಾಯಿಗಳನ್ನು ಕೂಡಿಹಾಕಿ ವಿಷದ ಹೊಗೆಯಲ್ಲಿ ಕೊಂದರು. 1973ರ ಹೊತ್ತಿಗೆ ದ್ವೀಪಗಳಲ್ಲಿ ಒಂದು ಸಂಸಾರವೂ ಉಳಿದಿರಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತೆ.

ದಡದೂರು: ಇದನ್ನೂ ಸೇರಿಸಿ. ತಮ್ಮನ್ನು ಹೊರಹಾಕಿದ್ದು ಕಾನೂನುಬಾಹಿರ ಅನ್ನುವ ಕೇಸಿನಲ್ಲಿ 2000ದಲ್ಲಿ ಲಂಡನ್ ಹೈಕೋರ್ಟಿನಲ್ಲಿ ಚಾಗೋಸಿಯನ್ನರೇ ಗೆದ್ದರು. 2004ರಲ್ಲಿ ಸರ್ಕಾರ ಪಾರ್ಲಿಮೆಂಟಿನ ಮುಂದೆ ಹೋಗದೆ ರಾಣಿಯ ಆಜ್ಞೆಯ ಮೂಲಕ ಅವರು ಊರಿಗೆ ಮರಳದಂತೆ ಮತ್ತೆ ಬಾಗಿಲು ಹಾಕಿತು. 2008ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಲಾರ್ಡ್ಸ್ ಸಭೆಯ ನ್ಯಾಯಮೂರ್ತಿಗಳು 3–2ರಲ್ಲಿ ಅದನ್ನು ಎತ್ತಿಹಿಡಿದರು. ಒಬ್ಬ ನ್ಯಾಯಮೂರ್ತಿಯ ಮತದಿಂದ ಊರು ತಪ್ಪಿಹೋಯಿತು.

ಹವಳದಂಡೆ: ಆದರೆ ಹೊಸ ಒಪ್ಪಂದದಲ್ಲಿ ಅವರಿಗಾಗಿ 4 ಕೋಟಿ ಪೌಂಡ್ ನಿಧಿ ಇದೆ. ಅದರ ಪ್ರಕಾರ ಮಾರಿಷಸ್ ಬೇರೆ ದ್ವೀಪಗಳಲ್ಲಿ ಜನರನ್ನು ನೆಲೆಗೊಳಿಸಬಹುದು.

ತೆಂಗಿನತೋಟ: ಡಿಯೆಗೊ ಗಾರ್ಸಿಯಾದಲ್ಲಿ ಹುಟ್ಟಿದವರು ಎಲ್ಲಿಗೆ ಹೋಗಬೇಕು? ಅಲ್ಲಿ ನೆಲೆಸಲು ಅವರಿಗೆ ಅವಕಾಶವಿಲ್ಲ. ಸಹಿ ಬೀಳುವ ದಿನ ಬೆಳಗಿನ ಜಾವ ಆ ದ್ವೀಪದಲ್ಲೇ ಹುಟ್ಟಿದ ಇಬ್ಬರು ಮಹಿಳೆಯರು ಹೈಕೋರ್ಟಿನಿಂದ ತಡೆಯಾಜ್ಞೆ ತಂದಿದ್ದರು. ಕೆಲವೇ ಗಂಟೆಗಳಲ್ಲಿ ಅದು ತೆರವಾಯಿತು. ಮಾರಿಷಸ್ ಕೈಗೆ ಹೋಗುವುದೇ ಬೇಡ ಅನ್ನುವವರೂ ಅವರಲ್ಲಿದ್ದಾರೆ, ಮಾರಿಷಸ್ ಮೂಲಕವಾದರೂ ಊರು ಸಿಗಲಿ ಅನ್ನುವವರೂ ಇದ್ದಾರೆ. ಯಾವುದು ಸರಿ ಅಂತ ನಾನು ಹೇಳಲಾರೆ. ಸಹಿಗೆ ಮೊದಲು ಅವರ ಮತ ಕೇಳಬೇಕಿತ್ತು ಅಂತ ಮಾತ್ರ ಗಟ್ಟಿಯಾಗಿ ಹೇಳ್ತೀನಿ.

ನೌಕಾಸಕ್ತ: ನೆಲೆಯ ವಿಚಾರದಲ್ಲಿ ನನ್ನ ನಿಲುವು ಬದಲಾಗಿಲ್ಲ. ಆದರೆ ಅವರ ಮತ ಕೇಳಬೇಕಿತ್ತು ಅನ್ನುವುದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ. ಡಿಯೆಗೊ ಗಾರ್ಸಿಯಾದಲ್ಲಿ ಸಾವಿರಾರು ಸೈನಿಕರು, ನೌಕರರು ಇರಬಹುದಾದರೆ, ಅಲ್ಲೇ ಹುಟ್ಟಿದ ಮುದುಕರು ಯಾಕಿರಬಾರದು?