ನೋ ಡ್ಯೂಸ್ ಸಿಗದೆ ಗ್ರಾಚ್ಯುಟಿ ನಿಂತಿದೆ, ಸಹಾಯ ಬೇಕು

ನಮಸ್ಕಾರ. ಬೆಂಗಳೂರಿನ ಒಂದು ದೊಡ್ಡ ಕಂಪನಿಯಲ್ಲಿ 11 ವರ್ಷ ದುಡಿದು ಕೆಲಸ ಬಿಟ್ಟಿದ್ದೇನೆ. ಬಿಟ್ಟು 70 ದಿನ ಆಯ್ತು. ನಾನು ಸೇರಿದ ಕಾಲದಲ್ಲಿ ಅಕೌಂಟ್ಸ್‌ನವರ ಹತ್ರ ಒಂದು ಸಹಿ ಹಾಕಿಸಿದರೆ ಎಲ್ಲ ಮುಗಿಯುತ್ತಿತ್ತು. ಈಗ ನೋ ಡ್ಯೂಸ್‌ಗೆ, ಅಂದರೆ ಕಂಪನಿಗೆ ನನ್ನಿಂದ ಏನೂ ಬಾಕಿ ಇಲ್ಲ ಅನ್ನುವ ಪತ್ರಕ್ಕೆ, ಪೋರ್ಟಲ್‌ನಲ್ಲಿ 9 ವಿಭಾಗದವರು ಒಪ್ಪಿಗೆ ಒತ್ತಬೇಕು. 8 ಹಸಿರಾಗಿವೆ, ಉಳಿದಿರುವುದು ಲೈಬ್ರರಿ. ಆ ಲೈಬ್ರರಿ ಮುಚ್ಚಿಯೇ ನಾಲ್ಕು ವರ್ಷ ಆಗಿದೆ, ಅಲ್ಲಿ ಈಗ ಕಾಫಿ ಮಷಿನ್ ಇದೆ! ಒಪ್ಪಿಗೆ ಕೊಡಬೇಕಾದವರು ನನಗಿಂತ ಮೊದಲೇ ಕೆಲಸ ಬಿಟ್ಟಿದ್ದಾರೆ. ಎಚ್‌ಆರ್‌ನವರನ್ನು ಕೇಳಿದರೆ ಟಿಕೆಟ್ ಹಾಕಿ ಅನ್ನುತ್ತಾರೆ, ಟಿಕೆಟ್ ಹಾಕಿದರೆ ಎಚ್‌ಆರ್‌ನವರನ್ನು ಕೇಳಿ ಅಂತ ಬರೆದು ಕ್ಲೋಸ್ ಮಾಡುತ್ತಾರೆ, ಹೀಗೆ ಮೂರು ಸಲ ಆಗಿದೆ. ಹಳೆ ಮ್ಯಾನೇಜರ್ ಪಾಪ ಒಳ್ಳೆಯವರು, ಆದರೆ ಅವರ ಕೈಯಲ್ಲೂ ಏನೂ ಇಲ್ಲ.

ಗ್ರಾಚ್ಯುಟಿ (ಇಷ್ಟು ವರ್ಷ ದುಡಿದಿದ್ದಕ್ಕೆ ಕೆಲಸ ಬಿಟ್ಟಾಗ ಕಂಪನಿ ಕೊಡಬೇಕಾದ ಹಣ) 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು ಅನ್ನುವುದು ಗೊತ್ತು. ಗೊಂದಲ ಇರುವುದು ಇಲ್ಲಿ. ನೋ ಡ್ಯೂಸ್ ಬಂದಿಲ್ಲ ಅಂತ ಸುಮ್ನೆ ಅದನ್ನು ತಡೆಹಿಡಿಯಬಹುದಾ? ನೇರವಾಗಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ (ಕಾರ್ಮಿಕ ಇಲಾಖೆ ಕಚೇರಿ) ಹೋಗಿ ದೂರು ಕೊಡಲಾ, ಇಲ್ಲ ಮೊದಲು ಕಂಪನಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಲಿಖಿತ ಅರ್ಜಿ ಕಳಿಸಿ ಕಾಯಬೇಕಾ? ಇದೇ ದಾರಿಯಲ್ಲಿ ಹೋಗಿ ಹಣ ಪಡೆದವರು ಇದ್ದರೆ ದಯವಿಟ್ಟು ಹೇಳಿ.